ಹಲ್ಲಿನ ಗೆರೆಗೂ ಗೋಧಿಗೂ ಏನು ಸಂಬಂಧ?

(ಶಿರಸಿಯ ಶಾಲೆಯೊಂದರಲ್ಲಿ ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಲ್ಲಿನ ಡಾಕ್ಟರನ್ನು ಕರೆಸಿದ್ದಾರೆ ಅಂದಮೇಲೆ ದಿನಕ್ಕೆ ಎರಡು ಸಲ ಬ್ರಷ್ ಮಾಡಿಸಿ, ಚಾಕಲೇಟ್ ಕೊಡಬೇಡಿ ಅಂತ ಹೇಳಿ ಹೋಗುತ್ತಾರೆ ಎಂದುಕೊಂಡು ಬಂದಿರುತ್ತೀರಿ. ಇವತ್ತು ಅದನ್ನು ಹೇಳುವುದಿಲ್ಲ. ಹೇಳಿದರೂ ಮಕ್ಕಳು ಕೇಳುವುದಿಲ್ಲ, ಅಲ್ವಾ? ಇವತ್ತಿನ ಮಾತು ಸೀಲಿಯಾಕ್ ಎಂಬ ಕಾಯಿಲೆಯ ಬಗ್ಗೆ. ಅದು ಕರುಳಿನ ಕಾಯಿಲೆ. ಕರುಳಿನ ಕಾಯಿಲೆಗೆ ಹಲ್ಲಿನ ಡಾಕ್ಟರ್ ಯಾಕೆ ಬಾಯಿ ಹಾಕಬೇಕು ಅಂತ ಕೇಳಬಹುದು. ಎಷ್ಟೋ ಜನರಲ್ಲಿ ಹೊಟ್ಟೆಯ ತೊಂದರೆ ಹೇಳಿಕೊಳ್ಳುವಷ್ಟು ಇರುವುದೇ ಇಲ್ಲ. ಆದರೆ ಬಾಯಲ್ಲಿ ಗುರುತು ಕಾಣಿಸುತ್ತಿರುತ್ತದೆ. ಅದಕ್ಕೇ ಬಾಯಿ ಹಾಕಿದ್ದು.

ಕಾಯಿಲೆ ಏನು ಅಂತ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ನಾದಿದ ಚಪಾತಿ ಹಿಟ್ಟನ್ನು ಎಳೆದರೆ ಹಿಗ್ಗುತ್ತದಲ್ಲ, ಅದು ಗ್ಲುಟೆನ್ನಿನ ಕೆಲಸ. ಕೆಲವರಿಗೆ ಇದು ಹೊಟ್ಟೆಗೆ ಹೋದಾಗ ಮೈಯ ರೋಗನಿರೋಧಕ ವ್ಯವಸ್ಥೆ ತಿರುಗಿ ತನ್ನದೇ ಸಣ್ಣ ಕರುಳಿನ ಮೇಲೆ ಬೀಳುತ್ತದೆ. ಕರುಳಿನ ಒಳಗೋಡೆಯ ಮೇಲೆ ಆಹಾರದ ಸಾರ ಹೀರುವ ಸಣ್ಣ ಸಣ್ಣ ಎಳೆಗಳಿರುತ್ತವೆ. ಅವು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ತಿಂದರೂ ಕಬ್ಬಿಣ, ಕ್ಯಾಲ್ಸಿಯಂ, ಫೋಲಿಕ್ ಆಸಿಡ್ ಮೈಗೆ ಹತ್ತುವುದಿಲ್ಲ. ಮಗು ಬೆಳೆಯುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ಕೆಲವರಿಗೆ ಭೇದಿ, ಹೊಟ್ಟೆ ಉಬ್ಬರ. ಕೆಲವರಿಗೆ ಅದೂ ಇಲ್ಲ.

ಇದಕ್ಕೆಲ್ಲ ಗೋಧಿಯೇ ಕಾರಣ ಎಂದು ಗೊತ್ತಾದ ಕತೆ ಸ್ವಾರಸ್ಯವಾಗಿದೆ. ನೆದರ್ಲೆಂಡ್ಸ್‌ನಲ್ಲಿ ವಿಲ್ಲೆಂ ಡಿಕೆ ಎಂಬ ಮಕ್ಕಳ ಡಾಕ್ಟರ್ ಇದ್ದರು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಅಲ್ಲಿ ಘೋರ ಬರಗಾಲ. ಬ್ರೆಡ್ ಸಿಗುತ್ತಿರಲಿಲ್ಲ. ಉಳಿದ ಮಕ್ಕಳೆಲ್ಲ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು. ಬ್ರೆಡ್ ಮತ್ತೆ ಬಂದಾಗ ಮತ್ತೆ ಮಲಗಿದರು. ಗೋಧಿಯ ಮೇಲೆ ಡಿಕೆಗೆ ಮೊದಲಿನಿಂದಲೂ ಅನುಮಾನವಿತ್ತು, ಇದರಿಂದ ಅದು ಗಟ್ಟಿಯಾಯಿತು. 1950ರಲ್ಲಿ ಅವರು ಅದನ್ನು ಪ್ರಬಂಧವಾಗಿ ಬರೆದರು. ಇವತ್ತಿಗೂ ಇದಕ್ಕೆ ಮಾತ್ರೆ ಇಲ್ಲ. ಗ್ಲುಟೆನ್ ಇರುವ ಧಾನ್ಯ ಬಿಡುವುದೇ ಚಿಕಿತ್ಸೆ.

ನಮ್ಮದು ಅನ್ನ ತಿನ್ನುವ ಸೀಮೆ, ನಮಗ್ಯಾಕೆ ಇದರ ಉಸಾಬರಿ ಅಂತ ನಿಮಗೆ ಅನ್ನಿಸುತ್ತಿರಬಹುದು. ಪ್ರಶ್ನೆ ಸರಿಯಾಗಿಯೇ ಇದೆ. 2016ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ ಉತ್ತರ ಭಾರತದಲ್ಲಿ ಸಾವಿರಕ್ಕೆ ಎಂಟೊಂಬತ್ತು ಜನರಿಗೆ ಈ ಕಾಯಿಲೆ ಕಂಡಿತು. ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರ ಹತ್ತಿರ. ಭಾರೀ ಅಂತರ. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ವಿಷಯ ಇದೆ. ಈ ಕಾಯಿಲೆ ಬರಲು ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಜೀನ್ ಇರಬೇಕು. ಅದು ಉತ್ತರದವರಲ್ಲೂ ದಕ್ಷಿಣದವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಇತ್ತು. ಹೆಚ್ಚುಕಡಿಮೆ ಒಂದೇ ಪ್ರಮಾಣ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಅಲ್ಲಿಯವರು ದಿನಕ್ಕೆ ಸುಮಾರು 455 ಗ್ರಾಂ ಗೋಧಿ ತಿನ್ನುತ್ತಿದ್ದರು, ಇಲ್ಲಿಯವರು ಸುಮಾರು 25 ಗ್ರಾಂ.

ಈಗ ನಮ್ಮ ಮನೆಗಳನ್ನೇ ನೋಡಿ. ಅಪ್ಪನಿಗೆ ಶುಗರ್ ಬಂತು ಅಂತ ರಾತ್ರಿ ಚಪಾತಿ ಶುರುವಾಗುತ್ತದೆ, ಆಮೇಲೆ ಅದು ಇಡೀ ಮನೆಯ ಊಟ. ಬೆಳಿಗ್ಗೆ ತೆಳ್ಳೇವಿನ (ತೆಳು ಅಕ್ಕಿದೋಸೆಯ) ಬದಲು ಬ್ರೆಡ್ಡು. ಶಾಲೆಯಿಂದ ಬಂದ ಕೂಡಲೇ ನೂಡಲ್ಸ್. ಮಗುವಿಗೆ ಹಲ್ಲು ಬರುವ ಮೊದಲೇ ಹಾಲಲ್ಲಿ ಅದ್ದಿದ ಬಿಸ್ಕತ್ತು. ಕಾರವಾರದ ಕಡೆ ಪಾವು ಮೊದಲಿನಿಂದಲೂ ಇದೆ. ಜತೆಗೆ ಅಲ್ಲಿ ನೌಕಾನೆಲೆ ಇದೆ, ಕೈಗಾ ಇದೆ. ಉತ್ತರ ಭಾರತದಿಂದ ಬಂದ ಕುಟುಂಬಗಳು ಎಷ್ಟೋ ಇವೆ. ಕರಾವಳಿಯ ಡಾಕ್ಟರುಗಳು ಈ ಕಾಯಿಲೆಯನ್ನು ಪುಸ್ತಕದಲ್ಲಿ ಓದಿ ಬಿಟ್ಟರೆ ಸಾಲದು. ಹಾಗಂತ ಗಾಬರಿ ಬೇಡ. ನಮ್ಮಲ್ಲಿ ಇದು ಅಪರೂಪವೇ. ಅಪರೂಪ ಅನ್ನುವ ಕಾರಣಕ್ಕೇ ಯಾರೂ ಇದರ ಬಗ್ಗೆ ಯೋಚಿಸುವುದಿಲ್ಲ, ಅಷ್ಟೇ ನನ್ನ ತಕರಾರು.

ಈಗ ಹಲ್ಲಿಗೆ ಬರೋಣ.

ಹಲ್ಲಿನ ಮೇಲಿನ ಬಿಳಿ ಪದರಕ್ಕೆ ಎನಾಮೆಲ್ ಅನ್ನುತ್ತೇವೆ. ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೊಂದಿಲ್ಲ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಕಿತ್ತರೆ ಮತ್ತೆ ಬರುತ್ತದೆ. ಎನಾಮೆಲ್ ಹಾಗಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಒಸಡಿನೊಳಗೆ ಇರುವಾಗಲೇ ಕೆಲಸ ಮುಗಿಸುತ್ತವೆ. ಹಲ್ಲು ಹೊರಗೆ ಬರುವಾಗ ಅವು ಇಲ್ಲವಾಗಿರುತ್ತವೆ. ಕಟ್ಟುವಾಗ ಏನು ಕೆಟ್ಟಿತೋ ಅದು ಜೀವನಪೂರ್ತಿ ಹಾಗೇ ಇರುತ್ತದೆ. ಅಡಿಕೆ ಮರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸೋಗೆ ಬಿದ್ದ ಕಡೆಯೆಲ್ಲ ಕಾಂಡದ ಮೇಲೆ ಒಂದೊಂದು ಉಂಗುರ. ಮರ ಸೊರಗಿದ ವರ್ಷ ಆ ಉಂಗುರಗಳು ಒತ್ತೊತ್ತಾಗಿ ಬರುತ್ತವೆ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಆ ಉಂಗುರ ಅಲ್ಲಿಂದ ಹೋಗುವುದಿಲ್ಲ.

ಮಕ್ಕಳಿಗೆ ಆರೇಳು ವರ್ಷಕ್ಕೆ ಹಾಲು ಹಲ್ಲುಗಳ ಹಿಂದೆ ಒಂದೊಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಅದು ಶಾಶ್ವತ ಹಲ್ಲು ಅಂತ ಎಷ್ಟೋ ತಂದೆತಾಯಿಗೆ ಗೊತ್ತೇ ಇರುವುದಿಲ್ಲ. ಬಿದ್ದುಹೋಗುವ ಹಲ್ಲು ಅಂತ ಸುಮ್ನೆ ಬಿಡುತ್ತಾರೆ. ಆ ದವಡೆ ಹಲ್ಲಿನ ಎನಾಮೆಲ್ ಹುಟ್ಟಿದ ಹೊತ್ತಿಗೆ ಶುರುವಾಗಿ ಮೂರು ವರ್ಷದ ಒಳಗೆ ಮುಗಿಯುತ್ತದೆ. ಎದುರಿನ ಬಾಚಿ ಹಲ್ಲಿನದು ಮಗುವಿಗೆ ಮೂರ್ನಾಲ್ಕು ತಿಂಗಳಾದಾಗ ಶುರುವಾಗಿ ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ. ಅಂದರೆ ಎರಡನೇ ಕ್ಲಾಸಿನ ಮಗುವಿನ ಬಾಯಿ ತೆರೆಸಿ ನೋಡಿದರೆ, ಆ ಮಗು ತೊಟ್ಟಿಲಲ್ಲಿದ್ದಾಗಿನಿಂದ ಅಂಗನವಾಡಿಗೆ ಹೋಗುವವರೆಗಿನ ಚರಿತ್ರೆ ಕಾಣುತ್ತದೆ. ಅನ್ನಪ್ರಾಶನ ಆಗಿ, ಗೋಧಿ ಬಾಯಿಗೆ ಬಿದ್ದು, ಕರುಳು ಕೆಡುವುದು ಇದೇ ಅವಧಿಯಲ್ಲಿ. ಹಾಲು ಹಲ್ಲಿನ ಎನಾಮೆಲ್ ಬಹುಪಾಲು ಹೊಟ್ಟೆಯಲ್ಲಿರುವಾಗಲೇ ಆಗಿಬಿಟ್ಟಿರುತ್ತದೆ. ಅದಕ್ಕೇ ಈ ಗುರುತು ಅವುಗಳಲ್ಲಿ ಕಡಿಮೆ, ಶಾಶ್ವತ ಹಲ್ಲಿನಲ್ಲಿ ಜಾಸ್ತಿ.

ಒಂದು ಉದಾಹರಣೆ ಹೇಳುತ್ತೇನೆ. ಯಾರೆಂದು ಗೊತ್ತಾಗದಂತೆ ವಿವರ ಬದಲಿಸಿದ್ದೇನೆ. ಮೂರನೇ ಕ್ಲಾಸಿನ ಹುಡುಗಿ. ಹಲ್ಲು ಕಂದು ಬಣ್ಣ, ಉಜ್ಜಿದರೂ ಹೋಗುತ್ತಿಲ್ಲ ಅಂತ ಆಯಿ ಕರೆದುಕೊಂಡು ಬಂದಿದ್ದರು. ಮನೆಯಲ್ಲಿ ಇದ್ದಿಲಿನ ಪುಡಿ ಹಾಕಿ ತಿಕ್ಕಿಸಿಯೂ ಆಗಿತ್ತು. ಕುರ್ಚಿಯಲ್ಲಿ ಮಲಗಿಸಿ ಹಲ್ಲನ್ನು ಗಾಳಿಯಲ್ಲಿ ಒಣಗಿಸಿ ನೋಡಿದೆ. ಮೇಲಿನ ಎರಡು ಬಾಚಿ ಹಲ್ಲುಗಳ ಮೇಲೆ ಅಡ್ಡಕ್ಕೆ ಒಂದೊಂದು ಗೆರೆ. ಎರಡರಲ್ಲೂ ಒಂದೇ ಎತ್ತರಕ್ಕೆ. ಕೆಳಗಿನ ಬಾಚಿ ಹಲ್ಲುಗಳಲ್ಲೂ ಅದೇ. ಚೂಪು ಕಡ್ಡಿಯನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಗೆರೆಯ ಹತ್ತಿರ ಟಕ್ ಅಂತ ಸಿಕ್ಕಿಕೊಳ್ಳುತ್ತಿತ್ತು. ಅಂದರೆ ಮೇಲೆ ಹತ್ತಿದ ಕಲೆ ಅಲ್ಲ, ಎನಾಮೆಲ್ಲೇ ಅಲ್ಲಿ ತೆಳುವಾಗಿದೆ. ಹಿಂದೆ ನೋಡಿದರೆ ನಾಲ್ಕು ದವಡೆ ಹಲ್ಲುಗಳೂ ಹಳದಿ ಮಿಶ್ರಿತ ಕಂದು, ಮೇಲ್ಮೈ ಒರಟು. ಆಯಿಗೆ ಎರಡು ಪ್ರಶ್ನೆ ಕೇಳಿದೆ. ಕ್ಲಾಸಿನಲ್ಲಿ ಎಲ್ಲಿ ನಿಲ್ಲುತ್ತಾಳೆ? ಪ್ರಾರ್ಥನೆಯ ಸಾಲಿನಲ್ಲಿ ಮೊದಲನೆಯವಳು, ಎಲ್ಲರಿಗಿಂತ ಗಿಡ್ಡ. ರಕ್ತ ಹೇಗಿದೆ? ಕಬ್ಬಿಣದ ಸಿರಪ್ ಎಷ್ಟು ಕುಡಿಸಿದರೂ ಏರುತ್ತಿಲ್ಲ. ಮಕ್ಕಳ ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟೆ. ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿ. ಸೀಲಿಯಾಕ್ ಎಂದು ಬಂತು. ಆ ಹುಡುಗಿಗೆ ಹೊಟ್ಟೆನೋವು ಅಂತ ಒಂದು ದಿನವೂ ಶಾಲೆ ತಪ್ಪಿರಲಿಲ್ಲ.

ಗಮನಿಸಬೇಕಾದದ್ದು ಈ ಜೋಡಿ. ಎಡಕ್ಕೂ ಬಲಕ್ಕೂ, ಮೇಲೂ ಕೆಳಗೂ, ಒಂದೇ ಕಾಲದಲ್ಲಿ ತಯಾರಾದ ಹಲ್ಲುಗಳಲ್ಲಿ ಒಂದೇ ತರಹದ ದೋಷ. ಫಿನ್ಲೆಂಡಿನ ದಂತವೈದ್ಯೆ ಲೀಸಾ ಆಯ್ನೆ 1986ರಲ್ಲಿ ಇದನ್ನೇ ಗುರುತಿಸಿ ದರ್ಜೆ ಮಾಡಿದರು. ನಾವು ಈಗಲೂ ಅದನ್ನೇ ಬಳಸುತ್ತೇವೆ. ಬರೀ ಬಣ್ಣ ಕೆಟ್ಟು ಕೆನೆ, ಹಳದಿ, ಕಂದು ಮಚ್ಚೆ ಇದ್ದರೆ ಮೊದಲ ದರ್ಜೆ. ಮೇಲ್ಮೈ ಒರಟಾಗಿ ಸಣ್ಣ ಗೆರೆ, ಸಣ್ಣ ಕುಳಿ ಇದ್ದರೆ ಎರಡನೆಯದು. ಗೆರೆ, ಕುಳಿ ಆಳವಾದರೆ ಮೂರನೆಯದು. ಹಲ್ಲಿನ ಆಕಾರವೇ ಕೆಟ್ಟರೆ ನಾಲ್ಕು. ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಎರಡು ವಿವರಣೆ ಇವೆ. ಕರುಳು ಕ್ಯಾಲ್ಸಿಯಂ ಹೀರದೆ ಎನಾಮೆಲ್ಲಿಗೆ ಸಾಮಾನು ಸಾಲದಾಯಿತು ಎನ್ನುವುದು ಒಂದು. ಗ್ಲುಟೆನ್ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಎನಾಮೆಲ್ ಕಟ್ಟುವ ಪ್ರೋಟೀನಿನ ಮೇಲೂ ಬೀಳುತ್ತವೆ ಎನ್ನುವುದು ಇನ್ನೊಂದು. ನನಗೆ ಎರಡೂ ಸೇರಿ ಕೆಲಸ ಮಾಡುತ್ತವೆ ಅನ್ನಿಸುತ್ತದೆ.

ಇಷ್ಟು ಕೇಳಿ ಮನೆಗೆ ಹೋಗಿ ಮಕ್ಕಳ ಬಾಯಿ ತೆರೆಸಿ ಹೆದರಬೇಡಿ. ಹಲ್ಲಿನ ಮೇಲೆ ಕಲೆ ಇರುವ ಮಕ್ಕಳಲ್ಲಿ ಬಹುಪಾಲು ಜನರಿಗೆ ಸೀಲಿಯಾಕ್ ಇರುವುದಿಲ್ಲ. ನಮ್ಮ ರಾಜ್ಯದಲ್ಲಿ ಮೊದಲು ಯೋಚಿಸಬೇಕಾದದ್ದು ಫ್ಲೋರೈಡ್. ಗದಗ, ಕೊಪ್ಪಳ, ರಾಯಚೂರು, ಕೋಲಾರದ ಕಡೆ ಎಷ್ಟೋ ಊರಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಮಗು ಕುಡಿದು ಬೆಳೆದರೆ ಹಲ್ಲಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ, ಮುಂದೆ ಕಂದು ಕಲೆ. ಅದೂ ಎರಡೂ ಕಡೆ ಒಂದೇ ತರ ಇರುತ್ತದೆ. ಹಾಗಾಗಿ ಶಿರಸಿಯಲ್ಲಿ ಕೂತ ನಾನು ಮೊದಲು ಕೇಳುವುದು, ಮಗು ನಾಲ್ಕೈದು ವರ್ಷದವರೆಗೆ ಯಾವ ಊರಲ್ಲಿತ್ತು, ಯಾವ ನೀರು ಕುಡಿಯಿತು ಅಂತ. ಆ ಊರಿನ ಅಕ್ಕಪಕ್ಕದ ಮನೆಯ ಮಕ್ಕಳಿಗೂ ಹಾಗೇ ಇದ್ದರೆ ಅದು ನೀರಿನ ಕೆಲಸ. ದವಡೆ ಹಲ್ಲುಗಳಲ್ಲಿ ಒಂದು ಮಾತ್ರ ಪುಡಿಪುಡಿ, ಇನ್ನೊಂದು ಚೆನ್ನಾಗಿದೆ ಅಂದರೆ ಅದು ಬೇರೆ ತೊಂದರೆ. ಹಾಲು ಹಲ್ಲಿಗೆ ಏಟು ಬಿದ್ದು ಕೆಳಗಿನ ಹಲ್ಲು ಕೆಟ್ಟಿದ್ದರೆ ಒಂದೇ ಹಲ್ಲಿಗೆ ಕಲೆ. ಇವೆಲ್ಲ ಬಿಟ್ಟು, ಜೋಡಿ ಜೋಡಿಯಾಗಿ ಗೆರೆ ಇದ್ದು, ಜತೆಗೆ ಮಗು ಬೆಳೆಯುತ್ತಿಲ್ಲ, ರಕ್ತ ಏರುತ್ತಿಲ್ಲ, ಮನೆಯಲ್ಲಿ ಯಾರಿಗಾದರೂ ಟೈಪ್ 1 ಡಯಾಬಿಟಿಸ್ ಅಥವಾ ಥೈರಾಯ್ಡ್ ಇದೆ ಅಂದರೆ ಆಗ ನನ್ನ ಕಿವಿ ನಿಮಿರುತ್ತದೆ.

ಇನ್ನು ಬಾಯಿ ಹುಣ್ಣು. ನಮ್ಮಲ್ಲಿ ಬಾಯಿ ಹುಣ್ಣು ಬಂದರೆ ಕಾರಣ ಒಂದೇ, ಉಷ್ಣ. ಒಂದೆಲಗದ ತಂಬುಳಿ, ಮುರುಗಲು ಪಾನಕ, ಅದಕ್ಕೂ ಬಗ್ಗದಿದ್ದರೆ ಬಿ ಕಾಂಪ್ಲೆಕ್ಸ್ ಮಾತ್ರೆ. ತಂಬುಳಿಯ ಮೇಲೆ ನನಗೇನೂ ದ್ವೇಷ ಇಲ್ಲ, ದಿನಾ ಉಣ್ಣುತ್ತೇನೆ. ಸಾಮಾನ್ಯ ಬಾಯಿ ಹುಣ್ಣು ಒಂದೆರಡು ವಾರದಲ್ಲಿ ತಾನಾಗಿಯೇ ಮಾಯುತ್ತದೆ, ತಂಬುಳಿಗೆ ಹೆಸರು ಬರುತ್ತದೆ. ಆದರೆ ಒಂದು ಮಾಯುವಷ್ಟರಲ್ಲಿ ಇನ್ನೊಂದು ಏಳುತ್ತಿದ್ದರೆ, ವರ್ಷಗಟ್ಟಲೆ ಹೀಗೇ ನಡೆದಿದ್ದರೆ, ಕಬ್ಬಿಣ, ಬಿ12, ಫೋಲಿಕ್ ಆಸಿಡ್ ನೋಡಿಸಬೇಕು. ಅವು ಕಡಿಮೆ ಇದ್ದರೆ ಯಾಕೆ ಕಡಿಮೆ ಅಂತ ಕೇಳಬೇಕು. ಸಸ್ಯಾಹಾರಿಗಳಲ್ಲಿ ಬಿ12 ಹೇಗೂ ಕಡಿಮೆ ಇರಬಹುದು, ಅದಕ್ಕೆ ಸೀಲಿಯಾಕ್ ಬೇಕಿಲ್ಲ. ಮೂರೂ ಕಡಿಮೆ, ಮಾತ್ರೆ ನಿಲ್ಲಿಸಿದ ಕೂಡಲೇ ಮತ್ತೆ ಇಳಿಯುತ್ತದೆ ಅಂದರೆ ಕರುಳು ಹೀರುತ್ತಿಲ್ಲವೇನೋ ಎಂಬ ಅನುಮಾನ ಬರಬೇಕು. ನಾಲಿಗೆ ನುಣ್ಣಗೆ ಕೆಂಪಾಗಿ ಉರಿಯುವುದು, ಕಟಬಾಯಿ ಮತ್ತೆ ಮತ್ತೆ ಒಡೆಯುವುದು ಇದೇ ಗುಂಪಿಗೆ ಸೇರಿದವು. ಕೆಲವು ಮಕ್ಕಳಿಗೆ ಹಲ್ಲು ಬರುವುದೇ ತಡ.

ಇಲ್ಲೇ ಒಂದು ಮಾತು. ಅಡಿಕೆ ಬೆಳೆಗಾರರ ಊರಲ್ಲಿ ನಿಂತು ಹೇಳುವ ಮಾತಲ್ಲ, ಆದರೂ ಹೇಳುತ್ತೇನೆ. ಕವಳ (ಎಲೆ ಅಡಿಕೆ) ಹಾಕುವವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣಿದ್ದರೆ ಗೋಧಿ, ಗ್ಲುಟೆನ್ ಅಂತ ಯೋಚಿಸುತ್ತ ಕೂರಬೇಡಿ. ಬಿಳಿ ಮಚ್ಚೆ ಇದ್ದರೂ, ಬಾಯಿ ಪೂರ್ತಿ ತೆರೆಯಲು ಆಗದಿದ್ದರೂ ಅಷ್ಟೇ. ತಕ್ಷಣ ತೋರಿಸಿ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ.

ಅನುಮಾನ ಬಂದರೆ ಮುಂದೇನು? ಇವತ್ತು ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ: ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ. ರಕ್ತದಲ್ಲಿ ಟಿಟಿಜಿ ಐಜಿಎ ಎಂಬ ಪ್ರತಿಕಾಯ ಎಷ್ಟಿದೆ ಅಂತ ನೋಡುತ್ತಾರೆ. ಗೋಧಿ ತಿನ್ನುತ್ತಿದ್ದರೆ ಮಾತ್ರ ಅದು ಕಾಣುತ್ತದೆ. ಬಿಟ್ಟು ಕೆಲವು ತಿಂಗಳಾದರೆ ಪ್ರತಿಕಾಯ ಇಳಿಯುತ್ತದೆ, ಕರುಳೂ ಸುಧಾರಿಸುತ್ತದೆ, ರಿಪೋರ್ಟ್ ನಾರ್ಮಲ್ ಅಂತ ಬರುತ್ತದೆ. ಆಮೇಲೆ ಪತ್ತೆ ಹಚ್ಚಬೇಕಾದರೆ ಮತ್ತೆ ವಾರಗಟ್ಟಲೆ ಗೋಧಿ ತಿನ್ನಿಸಬೇಕು. ಮಗುವಿಗೆ ಅದು ಶಿಕ್ಷೆ. ಜತೆಗೆ ಒಟ್ಟು ಐಜಿಎ, ಅಂದರೆ ಈ ಜಾತಿಯ ಪ್ರತಿಕಾಯ ಮೈಯಲ್ಲಿ ಒಟ್ಟಾರೆ ಎಷ್ಟಿದೆ ಎಂದೂ ನೋಡಿಸಬೇಕು. ಕೆಲವರಲ್ಲಿ ಐಜಿಎ ಹುಟ್ಟಿನಿಂದಲೇ ಇರುವುದಿಲ್ಲ, ಅವರ ರಿಪೋರ್ಟ್ ಸುಳ್ಳು ಹೇಳುತ್ತದೆ. ರಕ್ತದಲ್ಲಿ ಜಾಸ್ತಿ ಬಂದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಮಕ್ಕಳಲ್ಲಿ ಟಿಟಿಜಿ ನಾರ್ಮಲ್ ಮಿತಿಯ ಹತ್ತು ಪಟ್ಟು ಮೀರಿದ್ದು, ಇನ್ನೊಂದು ರಕ್ತಪರೀಕ್ಷೆಯೂ ಅದನ್ನೇ ಹೇಳಿದರೆ ಚೂರು ತೆಗೆಯದೆಯೂ ತಜ್ಞರು ತೀರ್ಮಾನಿಸಬಹುದು. ಹಲ್ಲು ನೋಡಿ ಯಾರೂ ಸೀಲಿಯಾಕ್ ಎಂದು ತೀರ್ಪು ಕೊಡಲಾಗದು. ನಾವು ದಾರಿ ತೋರಿಸಬಹುದು, ಅಷ್ಟೇ.

ತೂಕ ಇಳಿಸಲು ಗ್ಲುಟೆನ್ ಬಿಡುವ ಫ್ಯಾಷನ್ ಈಗ ಜೋರಾಗಿದೆ. ಮೊಬೈಲಿನಲ್ಲಿ ನೋಡಿ ಬಿಟ್ಟವರನ್ನು ಬಲ್ಲೆ. ಅವರ ಇಷ್ಟ. ಆದರೆ ಅವರಲ್ಲಿ ಯಾರಿಗಾದರೂ ನಿಜವಾಗಿ ಕಾಯಿಲೆ ಇದ್ದರೆ ಅದು ಹೀಗೆ ಮುಚ್ಚಿಹೋಗುತ್ತದೆ. ಕಾಯಿಲೆ ಇದ್ದವರು ಅರ್ಧಂಬರ್ಧ ಬಿಟ್ಟರೆ ಉಪಯೋಗವಿಲ್ಲ, ಪೂರ್ತಿ ಬಿಡಬೇಕು, ಜೀವನಪೂರ್ತಿ.

ಕಾಯಿಲೆ ಖಚಿತವಾದ ಮನೆಯವರಿಗೆ ಒಂದು ಸಮಾಧಾನ ಇದೆ. ಪಂಜಾಬಿನ ತಾಯಿಗಿಂತ ನಮ್ಮ ತಾಯಂದಿರಿಗೆ ಇದು ಸುಲಭ. ಅನ್ನ, ಗಂಜಿ, ತೆಳ್ಳೇವು, ಅಕ್ಕಿರೊಟ್ಟಿ, ಒತ್ತು ಶ್ಯಾವಿಗೆ, ಅವಲಕ್ಕಿ, ರಾಗಿ, ಜೋಳ, ಹಲಸಿನ ಹಪ್ಪಳ, ಮೀನು, ತೆಂಗು ಎಲ್ಲ ನಡೆಯುತ್ತದೆ. ಅಕ್ಕಿಯ ಇಡ್ಲಿ ರವೆ ನಡೆಯುತ್ತದೆ, ರವೆ ಇಡ್ಲಿ ನಡೆಯುವುದಿಲ್ಲ, ಅದು ಗೋಧಿ ರವೆ. ಸಿಕ್ಕಿಬೀಳುವುದು ಗೊತ್ತಿಲ್ಲದ ಕಡೆ. ಅಪ್ಪೆಹುಳಿಗೆ ಹಾಕುವ ಇಂಗನ್ನೇ ನೋಡಿ. ಅಂಗಡಿಯ ಇಂಗು ಪೂರ್ತಿ ಇಂಗಲ್ಲ. ಘಾಟು ತಗ್ಗಿಸಲು ಗೋಂದು, ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಎಷ್ಟೋ ಸಲ ಗೋಧಿಯದೋ ಮೈದಾದ್ದೋ ಆಗಿರುತ್ತದೆ. ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ. ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ. ಕಾರವಾರದ ಹೋಟೆಲಿನಲ್ಲಿ ಮೀನು ಬೇಕಾದಷ್ಟು ತಿನ್ನಬಹುದು, ರವಾ ಫ್ರೈ ಮಾತ್ರ ಬೇಡ. ಅದೇ ಕಾವಲಿಯಲ್ಲಿ ಹುರಿದ ಬೇರೆ ಮೀನೂ ಬೇಡ. ಜಾತ್ರೆಯ ಗೋಬಿಯಲ್ಲಿ ಮೈದಾ ಇದೆ, ಅದರ ಸೋಯಾ ಸಾಸಿನಲ್ಲೂ ಗೋಧಿ ಇರುತ್ತದೆ. ಹಾಲಿಗೆ ಹಾಕುವ ಎಷ್ಟೋ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ನಿಮ್ಮ ಅಕ್ಕಿ ಹಾಕಿದರೆ ಮೊದಲ ಸೇರಿನಲ್ಲಿ ಗೋಧಿ ಹಿಟ್ಟೂ ಬರುತ್ತದೆ. ಮನೆಯಲ್ಲೇ ಮಿಕ್ಸಿಗೆ ಹಾಕಿಕೊಳ್ಳುವುದು ವಾಸಿ. ಪ್ಯಾಕೆಟ್ ತರುವುದಾದರೆ ಗ್ಲುಟೆನ್ ಇಲ್ಲ ಎಂದು ಬರೆದದ್ದನ್ನು ತನ್ನಿ. ಕೆಜಿಗೆ 20 ಮಿಲಿಗ್ರಾಂ ಮೀರಿದರೆ ಹಾಗೆ ಬರೆಯಲು ನಮ್ಮ ಆಹಾರ ಕಾನೂನಿನಲ್ಲಿ ಅವಕಾಶವಿಲ್ಲ.

ಇನ್ನು ಪ್ರಶ್ನೆಗಳು.

ಮಗುವಿಗೆ ಗೋಧಿ ತಡವಾಗಿ ಕೊಟ್ಟರೆ ಕಾಯಿಲೆ ತಪ್ಪುತ್ತದಾ ಎಂದು ಒಬ್ಬರು ಕೇಳಿದರು. ಇಲ್ಲ. ಇದನ್ನು ಯುರೋಪಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ, 2014ರಲ್ಲಿ ಎರಡು ದೊಡ್ಡ ಅಧ್ಯಯನ ಬಂದವು. ಮುಂದೂಡಿದರೆ ಕಾಯಿಲೆ ಬರುವುದು ತಪ್ಪಲಿಲ್ಲ.

ಟೂತ್‌ಪೇಸ್ಟಿನಲ್ಲಿ ಗ್ಲುಟೆನ್ ಇರುತ್ತದಾ? ಹೆಚ್ಚಿನವುಗಳಲ್ಲಿ ಇಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳುವ ಬದಲು ಇಂಗಿನ ಡಬ್ಬಿ ನೋಡಿ. ಬಾಯಿ ಹುಣ್ಣು ಪದೇ ಪದೇ ಬರುವವರು ನೊರೆ ಕಡಿಮೆ ಬರುವ ಪೇಸ್ಟ್ ಬಳಸಿ ನೋಡಬಹುದು, ಕೆಲವರಿಗೆ ಅದರಿಂದ ಅನುಕೂಲ ಆಗುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದ್ದು: ಪಥ್ಯ ಶುರು ಮಾಡಿದರೆ ಹಲ್ಲಿನ ಗೆರೆ ಹೋಗುತ್ತದಾ ಡಾಕ್ಟ್ರೇ? ಹೋಗುವುದಿಲ್ಲ. ಬಾಯಿ ಹುಣ್ಣು ಎಷ್ಟೋ ಜನರಿಗೆ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ, ಕಟಬಾಯಿ ಮಾಯುತ್ತದೆ, ಮಗು ಉದ್ದ ಆಗುತ್ತದೆ. ಬಂದ ಎನಾಮೆಲ್ ಬದಲಾಗುವುದಿಲ್ಲ. ಬಾಚಿ ಹಲ್ಲಿಗೆ ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್ ಹಾಕಿ ಮುಚ್ಚಬಹುದು. ದವಡೆ ಹಲ್ಲು ಬೇಗ ಹುಳುಕಾಗುತ್ತದೆ, ಅದಕ್ಕೆ ಫ್ಲೋರೈಡ್ ಬಳಿಯುತ್ತೇವೆ, ತೀರಾ ಕೆಟ್ಟಿದ್ದರೆ ಸ್ಟೀಲ್ ಕ್ಯಾಪ್ ಹಾಕುತ್ತೇವೆ. ಆದರೆ ಎರಡನೇ ದವಡೆ ಹಲ್ಲಿನ ಎನಾಮೆಲ್ ಏಳೆಂಟು ವರ್ಷದವರೆಗೂ ಆಗುತ್ತಿರುತ್ತದೆ. ನಾಲ್ಕು ವರ್ಷಕ್ಕೇ ಪತ್ತೆಯಾಗಿ ಪಥ್ಯ ಶುರುವಾದರೆ ಆ ಹಲ್ಲಿಗೆ ಒಳ್ಳೆಯದು.

ಆ ಅಕ್ಕನ ಮುಂದಿನ ಪ್ರಶ್ನೆ, ಕಾಯಿಲೆ ಇರುವ ಮಗುವಿನ ತಮ್ಮನಿಗೂ ನೋಡಿಸಬೇಕಾ? ಹೌದು, ನೋಡಿಸಬೇಕು. ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಹತ್ತರಲ್ಲಿ ಒಬ್ಬರ ಹತ್ತಿರ ಈ ಕಾಯಿಲೆ ಸಿಗುತ್ತದೆ, ತೊಂದರೆ ಏನೂ ಕಾಣದಿದ್ದರೂ. ಒಂದು ಸಲ ಇಲ್ಲ ಅಂತ ಬಂದರೆ ಅಲ್ಲಿಗೆ ಮುಗಿಯುವುದೂ ಇಲ್ಲ. ಮುಂದೆ ಯಾವಾಗ ಬೇಕಾದರೂ ಬರಬಹುದು. ಎಷ್ಟು ವರ್ಷಕ್ಕೊಮ್ಮೆ ನೋಡಿಸಬೇಕು ಅಂತ ನಿಮ್ಮ ಡಾಕ್ಟರನ್ನು ಕೇಳಿ, ಮತ್ತೆ ರಕ್ತ ಕೊಡುವವರೆಗೆ ತಮ್ಮನ ತಟ್ಟೆಯಿಂದ ಚಪಾತಿ ತೆಗೆಯಬೇಡಿ.